ಅರ್ಧ ಲೋಡಿನ ಗಾಡಿಗಳು: ದಾವಣಗೆರೆ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರಿಗೆ, ಮತ್ತು ಕರೂರು, ಲೋಕಿಕೆರೆ ರಸ್ತೆ, ಹರಿಹರದ ಕಡೆ ಶೆಡ್ಡು ಇಟ್ಟುಕೊಂಡು ದುಡಿಯುತ್ತಿರುವ ನನ್ನ ಜೊತೆಗಾರರಿಗೆ,

ನಮಸ್ಕಾರ.

ಹೋದ ವರ್ಷ ಶ್ರಾವಣದ ಒಂದು ಗುರುವಾರ ಮಾಲಿನ ಜೊತೆ ನಾನೇ ಬೆಂಗಳೂರಿನ ಪೀಣ್ಯಕ್ಕೆ ಹೋಗಬೇಕಾಗಿ ಬಂತು. ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದು ನಾಲ್ಕು ಲೇತ್ ಇರುವ ಸಣ್ಣ ವರ್ಕ್‌ಶಾಪ್. ಪಂಪಿನ ಬಿಡಿಭಾಗಗಳನ್ನು ಟರ್ನಿಂಗ್ ಮಾಡಿ ಕೊಡುತ್ತೇವೆ. ಹಿಂದಿನ ಲೋಡಿನಲ್ಲಿ ಎಣಿಕೆ ತಪ್ಪಿದೆ ಅಂತ ಪಾರ್ಟಿಯವರು, ಅಂದರೆ ಮಾಲು ಕೊಳ್ಳುವ ಕಂಪನಿಯವರು, ಹೇಳಿದ್ದರು. ಅದಕ್ಕೇ ಈ ಸಲ ಎದುರಿಗೆ ನಿಂತು ಎಣಿಸಿ ಕೊಟ್ಟು ಬರೋಣ ಅಂತ ಹೊರಟೆ. ರಾತ್ರಿ 10ಕ್ಕೆ ಕ್ಯಾಂಟರ್ ಬಿಟ್ಟಿತು. ಹೆಬ್ಬಾಳು ಟೋಲ್ ಆಯಿತು, ಗುಯಿಲಾಳು ಟೋಲ್ ಆಯಿತು. ಹಿರಿಯೂರು ದಾಟಿ ಒಂದು ಹೋಟೆಲ್ ಮುಂದೆ ಚಹಾಕ್ಕೆ ನಿಂತಾಗ ಹನ್ನೆರಡೂವರೆ.

ಅಲ್ಲಿ ಇನ್ನೊಂದು ಕ್ಯಾಂಟರ್ ನಿಂತಿತ್ತು. ಡ್ರೈವರ್ ಗುರುತಿನ ಹುಡುಗ. ನನ್ನ ಶೆಡ್ಡಿನಿಂದ ಎರಡು ಶೆಡ್ಡು ಆಚೆ ಪ್ಲಾಸ್ಟಿಕ್ ಕ್ಯಾನ್ ಮಾಡುತ್ತಾರಲ್ಲ, ಅವರ ಮಾಲು. ಫಿನಾಯಿಲ್ ತುಂಬುವ ಖಾಲಿ ಕ್ಯಾನುಗಳು, ದೊಡ್ಡ ದೊಡ್ಡ ಚೀಲಗಳಲ್ಲಿ. ಎಲ್ಲಿಗಪ್ಪ ಅಂತ ಕೇಳಿದರೆ ಅವನೂ ಪೀಣ್ಯ ಅಂದ. ಸುಮ್ನೆ ಕುತೂಹಲಕ್ಕೆ ಟಾರ್ಪಾಲು ಎತ್ತಿ ಮೊಬೈಲ್ ಬೆಳಕು ಬಿಟ್ಟು ನೋಡಿದೆ. ಮುಕ್ಕಾಲು ಗಾಡಿ ತುಂಬಿತ್ತು. ತೂಕ ಎಷ್ಟು ಅಂದರೆ 5 ಕ್ವಿಂಟಲ್ ಆಸುಪಾಸು. ಆಮೇಲೆ ನಮ್ಮ ಗಾಡಿಯ ಟಾರ್ಪಾಲು ಎತ್ತಿದೆ. ಕಬ್ಬಿಣದ ಬಿಡಿಭಾಗಗಳ ಟ್ರೇ ತಳದಲ್ಲಿ ಮೊಣಕಾಲು ಎತ್ತರಕ್ಕೆ ಕೂತಿತ್ತು, 22 ಕ್ವಿಂಟಲ್. ಅದರ ಮೇಲೆಲ್ಲ ಬರೀ ಗಾಳಿ. ಎರಡೂ 14 ಅಡಿ ಬಾಡಿಯ ಗಾಡಿಗಳೇ.

ಅವರ ಮಾಲು ನನ್ನ ಮಾಲಿನ ಮೇಲೆ ಕೂತಿದ್ದರೆ ಒಂದೇ ಗಾಡಿ ಸಾಕಾಗುತ್ತಿತ್ತು. ಒಂದೇ ಬಾಡಿಗೆ, ಒಂದೇ ಡೀಸೆಲ್, ಪ್ರತಿ ಟೋಲಿಗೂ ಒಂದೇ ಸಲ ದುಡ್ಡು. ನಾವಿಬ್ಬರೂ ಎರಡು ಗಾಡಿಗೆ ಕೊಟ್ಟೆವು. ಅಷ್ಟೇ ಅಲ್ಲ, ಎರಡೂ ಗಾಡಿ ಖಾಲಿ ವಾಪಸ್ ಬಂದವು. ಆ ವಾರ ಶನಿವಾರವೇ ಬೆಂಗಳೂರಿನಿಂದ ಕ್ಯಾನಿನವರ ಶೆಡ್ಡಿಗೆ ಪ್ಲಾಸ್ಟಿಕ್ ಗ್ರಾನ್ಯೂಲ್ ಚೀಲ ಹೊತ್ತು ಮೂರನೇ ಗಾಡಿ ಬಂತು. ಅದನ್ನು ನನ್ನ ಕಣ್ಣಾರೆ ನೋಡಿದೆ. ಅದೂ ಇಳಿಸಿ ಖಾಲಿ ಹೋಯಿತು.

ಆ ರಾತ್ರಿಯಿಂದ ಈ ವಿಷಯ ನನ್ನ ತಲೆಯಿಂದ ಇಳಿದಿಲ್ಲ. ನಾಳೆ ಯಾವ ಲೋಡು ಎಲ್ಲಿಗೆ ಹೊರಡುತ್ತದೆ ಅನ್ನುವ ಒಂದು ಪಟ್ಟಿಯನ್ನು ಜಿಲ್ಲಾಡಳಿತವೇ ನಡೆಸಿಕೊಡಲಿ ಅಂತ ಕೇಳಲು ಈ ಪತ್ರ.

ಉದ್ಯಮಿಗಳ ಸಭೆ ಸೇರಿದಾಗಲೆಲ್ಲ ನಾವು ರಸ್ತೆ ಕೇಳುತ್ತೇವೆ, ಚರಂಡಿ ಕೇಳುತ್ತೇವೆ, ಕರೆಂಟು ಕೇಳುತ್ತೇವೆ. ಕೇಳಬೇಕಾದ್ದೇ. ಆದರೆ ಸಾಗಣೆ ಖರ್ಚು ಅಂದಾಕ್ಷಣ ಡೀಸೆಲ್ ರೇಟು, ಟೋಲ್ ರೇಟು ಬೈದು ಎದ್ದು ಬರುತ್ತೇವೆ. ಅವೆರಡೂ ನಮ್ಮ ಕೈಯಲ್ಲಿಲ್ಲ. ಅರ್ಧ ಖಾಲಿ ಗಾಡಿ ಕಳಿಸುವುದು ಮಾತ್ರ ಪೂರ್ತಿ ನಮ್ಮ ಕೈಯಲ್ಲೇ ಇದೆ. ನಮ್ಮಲ್ಲಿ ಗಾಡಿಗೆ ಬರವಿಲ್ಲ. ಪಕ್ಕದ ಶೆಡ್ಡಿನಿಂದ ನಾಳೆ ಏನು ಹೊರಡುತ್ತದೆ, ಎಲ್ಲಿಗೆ ಹೊರಡುತ್ತದೆ ಅನ್ನುವುದು ನಮಗೆ ಗೊತ್ತಿಲ್ಲ. ಬರ ಇರುವುದು ಅಲ್ಲಿ.

ದೊಡ್ಡ ಕಂಪನಿಗಳಿಗೆ ಈ ಕಷ್ಟ ಇಲ್ಲ. ಅವರಿಗೆ ದಿನಾ ಪೂರ್ತಿ ಲೋಡು ಇರುತ್ತದೆ. ವರ್ಷದ ಕರಾರಿನ ಮೇಲೆ ಟ್ರಾನ್ಸ್‌ಪೋರ್ಟಿನವರು ಗೇಟಿಗೇ ಬಂದು ನಿಲ್ಲುತ್ತಾರೆ. ನಮ್ಮಂಥವರ ಮಾಲು ಪಾರ್ಸೆಲ್ ಆಫೀಸಿಗೆ ಜಾಸ್ತಿ ಆಯಿತು, ಕ್ಯಾಂಟರ್‌ಗೆ ಕಮ್ಮಿ ಆಯಿತು. ಪಾರ್ಸೆಲ್‌ನಲ್ಲಿ ಹಾಕಿದರೆ ಎರಡು ಕಡೆ ಇಳಿಸಿ ಹತ್ತಿಸುತ್ತಾರೆ, ಪೆಟ್ಟು ಬೀಳುತ್ತದೆ, ಯಾವತ್ತು ಮುಟ್ಟುತ್ತದೋ ಹೇಳೋಕಾಗಲ್ಲ. ಪಾರ್ಟಿಯವರು ಕಾಯುವುದಿಲ್ಲ. ಹಾಗಾಗಿ ಕೈ ಸುಟ್ಟರೂ ಪೂರ್ತಿ ಗಾಡಿ ಹಿಡಿಯುತ್ತೇವೆ. ಮೆಕ್ಕೆಜೋಳದ ಸುಗ್ಗಿ ಬಂತು ಅಂದರೆ ಅದೂ ಕಷ್ಟ. ಅಕ್ಟೋಬರ್ ಕಳೆದ ಮೇಲೆ ಲಾರಿ, ಕ್ಯಾಂಟರ್ ಎಲ್ಲ ಎಪಿಎಂಸಿ ಕಡೆ ಮುಖ ಮಾಡುತ್ತವೆ. ಆಗ 20 ಕ್ವಿಂಟಲ್ ಇಟ್ಟುಕೊಂಡವನ ಫೋನು ಯಾರು ಎತ್ತುತ್ತಾರೆ?

ನಮ್ಮ ಊರಿನ ಮಾಲುಗಳನ್ನೇ ಒಂದು ಸಲ ನೋಡಿ. ಮಂಡಕ್ಕಿ ಭಟ್ಟಿಯಿಂದ ಹೊರಡುವ ಚೀಲ ಗಾಡಿ ತುಂಬುತ್ತದೆ, ಆದರೆ ಗಾಡಿಗೆ ಭಾರವೇ ಆಗುವುದಿಲ್ಲ. ಅದೇ ಅಕ್ಕಿ ಗಿರಣಿಯ ಚೀಲ ಅರ್ಧ ಎತ್ತರಕ್ಕೇ ಗಾಡಿಯ ತೂಕದ ಮಿತಿ ಮುಟ್ಟಿಸುತ್ತದೆ. ಒಂದಕ್ಕೆ ಜಾಗ ಬೇಕು, ಇನ್ನೊಂದಕ್ಕೆ ತೂಕ ಬೇಕು. ಕೆಳಗೆ ಅಕ್ಕಿ, ಮೇಲೆ ಮಂಡಕ್ಕಿ ಹಾಕಿದರೆ ಒಂದೇ ಗಾಡಿಯಲ್ಲಿ ಎರಡೂ ಸರಿಹೋಗುತ್ತವೆ. ಹರಿಹರದಲ್ಲಿ 1941ರಲ್ಲಿ ಲೇತ್ ತಯಾರಿಸುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾದಾಗಿನಿಂದ ಈ ಭಾಗಕ್ಕೆ ಲೇತ್ ಕೆಲಸದ ಕೈ ಬಂತು. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆದರೂ ಆ ಕಸುಬು ಉಳಿದಿದೆ. ನಮ್ಮಂಥ ವರ್ಕ್‌ಶಾಪ್‌ಗಳದ್ದೆಲ್ಲ ಭಾರದ ಮಾಲು. ಪ್ಲಾಸ್ಟಿಕ್, ರೆಡಿಮೇಡ್ ಬಟ್ಟೆ, ಅಡಿಕೆ ಹಾಳೆ ತಟ್ಟೆಯವರದ್ದು ಹಗುರದ ಮಾಲು. ಭಾರದವರೂ ಹಗುರದವರೂ ಒಂದೇ ಊರಲ್ಲಿದ್ದೇವೆ, ಒಂದೇ ಹೆದ್ದಾರಿಯಲ್ಲಿ ಓಡಾಡುತ್ತೇವೆ. ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ, ಅಷ್ಟೇ. (ತಿನ್ನುವ ಮಾಲನ್ನು ಎಣ್ಣೆ ಹಚ್ಚಿದ ಕಬ್ಬಿಣದ ಜೊತೆ ಹಾಕುವ ಮಾತು ನಾನು ಆಡುತ್ತಿಲ್ಲ. ಯಾವುದರ ಜೊತೆ ಯಾವುದು ಹೋಗಬಾರದು ಅನ್ನುವುದು ಮೊದಲ ನಿಯಮ ಆಗಬೇಕು.)

ನಾವು ಪ್ರಯತ್ನವನ್ನೇ ಮಾಡಿಲ್ಲ ಅಂತಲ್ಲ. ಎರಡು ವರ್ಷದ ಹಿಂದೆ ನಮ್ಮ ರಸ್ತೆಯವರೇ ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದೆವು. ಮೊದಲ ತಿಂಗಳು ಚೆನ್ನಾಗಿ ನಡೆಯಿತು. ನಾಲ್ಕೈದು ಸಲ ಲೋಡು ಕೂಡಿಸಿ ಕಳಿಸಿದೆವು ಕೂಡ. ಆಮೇಲೆ ಶುಭೋದಯ, ಹಬ್ಬದ ಹಾರೈಕೆ, ಸೈಟು ಮಾರಾಟಕ್ಕಿದೆ ಅನ್ನುವ ಮೆಸೇಜು. ಬೆಳಿಗ್ಗೆ ಹಾಕಿದ ಲೋಡಿನ ವಿಷಯ ಮಧ್ಯಾಹ್ನಕ್ಕೆ ಎಲ್ಲೋ ಮೇಲೆ ಹೋಗಿ ಮುಚ್ಚಿಹೋಗುತ್ತಿತ್ತು. ಅಷ್ಟಾದರೂ ಸಹಿಸಿಕೊಳ್ಳಬಹುದಿತ್ತು. ಒಬ್ಬರು ತಮ್ಮ ಮಾಲು ಯಾವ ಕಂಪನಿಗೆ ಹೋಗುತ್ತದೆ ಅಂತ ಹೆಸರು ಸಮೇತ ಬರೆದರು. ಎರಡು ತಿಂಗಳಲ್ಲಿ ಅದೇ ಕಂಪನಿಗೆ ಅದೇ ಗ್ರೂಪಿನ ಇನ್ನೊಬ್ಬರು ಕಮ್ಮಿ ರೇಟಿಗೆ ಕೊಟೇಶನ್ ಕೊಟ್ಟರು. ಆರ್ಡರ್ ಹೋಯಿತು. ಆವತ್ತಿನಿಂದ ಗ್ರೂಪಿನಲ್ಲಿ ಯಾರೂ ಲೋಡಿನ ಸುದ್ದಿ ಎತ್ತಲಿಲ್ಲ. ಆರ್ಡರ್ ಕಳೆದುಕೊಂಡವರು ನನಗೆ ಬಹಳ ಬೇಕಾದವರು. ಅವರು ಇವತ್ತಿಗೂ ತಮ್ಮ ಗಾಡಿಗೆ ಲೋಡು ಮಾಡುವಾಗ ಶಟರ್ ಅರ್ಧ ಇಳಿಸಿಕೊಳ್ಳುತ್ತಾರೆ.

ಆ ಅರ್ಧ ಇಳಿದ ಶಟರ್ ಇದೆಯಲ್ಲ, ನಿಜವಾದ ಅಡ್ಡಿ ಅದೇ. ಆನ್‌ಲೈನ್‌ನಲ್ಲಿ ಒಂದು ಆ್ಯಪ್ ಮಾಡುವುದು ದೊಡ್ಡ ಕೆಲಸವಲ್ಲ. ನನ್ನ ಪಾರ್ಟಿ ಯಾರು ಅಂತ ಪಕ್ಕದವನಿಗೆ ಗೊತ್ತಾಗಬಾರದು, ಆದರೆ ನನ್ನ ಮಾಲು ಪೀಣ್ಯಕ್ಕೆ ಹೋಗುತ್ತದೆ ಅಂತ ಗೊತ್ತಾಗಬೇಕು. ಈ ಎರಡನ್ನೂ ಕಾಯುವವರು ಯಾರು? ಆ ಕಾವಲುಗಾರ ನಮ್ಮಲ್ಲೇ ಒಬ್ಬ ಆಗಲು ಸಾಧ್ಯವಿಲ್ಲ. ಅವನಿಗೂ ವ್ಯಾಪಾರ ಇರುತ್ತದೆ. ಹೊರಗಿನ ಲಾರಿ ಬುಕಿಂಗ್ ಕಂಪನಿಗಳಿಗೆ ಬೇಕಾಗಿರುವುದು ಪೂರ್ತಿ ಗಾಡಿಯ ಬಾಡಿಗೆ, ಒಂದೇ ಬೀದಿಯ ಎರಡು ಅರ್ಧ ಲೋಡನ್ನು ಕೂಡಿಸುವುದು ಅವರ ಕೆಲಸವಲ್ಲ. ಅದಕ್ಕೇ, ಜಂಟಿ ನಿರ್ದೇಶಕರೇ, ನಿಮ್ಮ ಕಚೇರಿಯ ಬಾಗಿಲಿಗೆ ಬಂದಿದ್ದೇನೆ. ನೀವು ಯಾರ ಜೊತೆಗೂ ಪೈಪೋಟಿಗಿಲ್ಲ. ನಮ್ಮೆಲ್ಲರ ಉದ್ಯಮ್ ನೋಂದಣಿ, ವಿಳಾಸ ನಿಮಗೆ ಸಿಗುತ್ತವೆ. ನಮ್ಮವರು ನಿಮ್ಮ ಮಾತಿಗೆ ಬೆಲೆ ಕೊಡುತ್ತಾರೆ.

ನಾನು ಕೇಳುತ್ತಿರುವ ಪಟ್ಟಿ ತೀರಾ ಸರಳ. ಪ್ರತಿ ದಿನ ಸಂಜೆ 4ರೊಳಗೆ ನಾಳೆ ಮಾಲು ಕಳಿಸುವವರು ಮೊಬೈಲಿನಲ್ಲಿ, ಕನ್ನಡದಲ್ಲಿ, ಐದು ವಿಷಯ ತುಂಬಬೇಕು. ಯಾವ ರಸ್ತೆಯಿಂದ, ಯಾವ ಏರಿಯಾಕ್ಕೆ, ಎಷ್ಟು ತೂಕ, ಎಷ್ಟು ಜಾಗ, ಎಂಥ ಮಾಲು. ಕಂಪನಿ ಹೆಸರು ಬೇಡ, ರೇಟು ಬೇಡ. ತೂಕ ಮತ್ತು ಜಾಗ ಎರಡನ್ನೂ ಕೇಳಲೇಬೇಕು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಬರೀ ತೂಕ ಹಾಕುತ್ತಿದ್ದೆವು. 3 ಕ್ವಿಂಟಲ್ ಅಂದುಕೊಂಡು ಗಾಡಿ ಕರೆಸಿದರೆ ಮಾಲು ಆನೆ ಗಾತ್ರ ಇರುತ್ತಿತ್ತು. ಪಟ್ಟಿ ನೋಡಿ ಯಾರ ಲೋಡು ಯಾರ ಜೊತೆ ಕೂಡುತ್ತದೆ ಅಂತ ತಿಳಿದ ಮೇಲೆ, ಇಬ್ಬರೂ ಒಪ್ಪಿದರೆ ಮಾತ್ರ ಒಬ್ಬರ ಫೋನ್ ನಂಬರ್ ಇನ್ನೊಬ್ಬರಿಗೆ ಕಾಣಬೇಕು. ಊರಿನ ಟ್ರಾನ್ಸ್‌ಪೋರ್ಟಿನವರಿಗೆ ಕೂಡಿದ ಲೋಡು ಕಾಣಬೇಕು, ಅವರು ಬಾಡಿಗೆ ಹೇಳಬೇಕು.

ಇದು ನಮ್ಮ ಊರಿಗೆ ಹೊಸತೂ ಅಲ್ಲ. ರಾಜ್ಯದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾದ ಮೇಲೆ ಎಪಿಎಂಸಿಯಲ್ಲಿ ರೈತರ ಮಾಲಿಗೆ ಆನ್‌ಲೈನ್ ಟೆಂಡರ್ ಬಂತು. ಒಬ್ಬ ವ್ಯಾಪಾರಿ ಹಾಕಿದ ರೇಟು ಟೆಂಡರ್ ಮುಗಿಯುವ ತನಕ ಇನ್ನೊಬ್ಬರಿಗೆ ಕಾಣುವುದಿಲ್ಲ. ಮೊದಮೊದಲು ಇದೆಲ್ಲ ನಮ್ಮ ಕಡೆ ಆಗೋದಲ್ಲ ಅಂದವರೇ ಜಾಸ್ತಿ. ಈಗ ಮೆಕ್ಕೆಜೋಳದ ರಾಶಿ ಮುಂದೆ ನಿಂತು ಮೊಬೈಲಿನಲ್ಲೇ ರೇಟು ಹಾಕುತ್ತಾರೆ. ಗುಟ್ಟು ಗುಟ್ಟಾಗಿಯೇ ಉಳಿದು ವ್ಯಾಪಾರ ನಡೆಯುತ್ತದೆ ಅಂತ ಅಲ್ಲಿ ನೋಡಿದ್ದೇವೆ. ಹಾಗಾದರೆ ನಮ್ಮ ಲೋಡಿಗೆ ಯಾಕೆ ಆಗಬಾರದು?

ಕಾಗದಪತ್ರದ ಭಯ ನಮ್ಮವರಿಗೆ ಬಹಳ ಇದೆ. ಆ ಭಯ ಸುಳ್ಳಲ್ಲ. 50,000 ರೂಪಾಯಿ ದಾಟಿದ ಮಾಲಿಗೆ ಇ-ವೇ ಬಿಲ್, ಅಂದರೆ ಜಿಎಸ್‌ಟಿ ಪೋರ್ಟಲಿನಲ್ಲಿ ತೆಗೆಯುವ ಸಾಗಣೆ ಚೀಟಿ, ಬೇಕು. ದೇಶದಲ್ಲಿ ರಾಜ್ಯದೊಳಗಿನ ಸಾಗಣೆಗೂ 2018ರ ಏಪ್ರಿಲ್ 1ರಂದೇ ಇದನ್ನು ಮೊದಲು ತಂದಿದ್ದು ನಮ್ಮ ಕರ್ನಾಟಕ. ಒಂದೇ ಗಾಡಿಯಲ್ಲಿ ನಾಲ್ಕು ಜನರ ಮಾಲು ಇದ್ದಾಗ ಒಬ್ಬರ ಬಿಲ್ಲಿನಲ್ಲಿ ತಪ್ಪಿದ್ದರೂ ಗಾಡಿ ನಿಲ್ಲುತ್ತದೆ. ಜಿಎಸ್‌ಟಿ ಕಾಯ್ದೆಯ 129ನೇ ಕಲಂ ಪ್ರಕಾರ ಮಾಲನ್ನೂ ಗಾಡಿಯನ್ನೂ ತಡೆದು ನಿಲ್ಲಿಸಬಹುದು. ಕ್ಯಾನಿನವರ ತಪ್ಪಿಗೆ ನನ್ನ ಬಿಡಿಭಾಗ ತುಮಕೂರಿನ ಹತ್ತಿರ ಎರಡು ದಿನ ಕೂತರೆ ಪಾರ್ಟಿಗೆ ನಾನು ಏನು ಹೇಳಲಿ?

ಆದರೆ ಇದೇ ನಿಯಮಗಳಲ್ಲಿ ನಮಗೆ ಅನುಕೂಲದ ದಾರಿಯೂ ಇದೆ. ಅದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಇ-ವೇ ಬಿಲ್ ಮಾಡಿಕೊಂಡರೆ ಟ್ರಾನ್ಸ್‌ಪೋರ್ಟಿನವರು ಎಲ್ಲವನ್ನೂ ಸೇರಿಸಿ ಒಂದು ಗಾಡಿಗೆ ಒಂದೇ ಕ್ರೋಡೀಕೃತ ಇ-ವೇ ಬಿಲ್ ತೆಗೆಯಬಹುದು. ರಾಜ್ಯದೊಳಗೆ ನಮ್ಮ ಶೆಡ್ಡಿನಿಂದ ಟ್ರಾನ್ಸ್‌ಪೋರ್ಟಿನವರ ಗೋದಾಮಿಗೆ 50 ಕಿಲೋಮೀಟರ್ ಒಳಗಿದ್ದರೆ ಆ ಓಟಕ್ಕೆ ಗಾಡಿ ನಂಬರ್ ತುಂಬುವ ಅಗತ್ಯವೂ ಇಲ್ಲ. ಅಂದರೆ ಹರಿಹರದಿಂದ, ಲೋಕಿಕೆರೆ ರಸ್ತೆಯಿಂದ ಲಗೇಜ್ ಆಟೋದಲ್ಲಿ ಮಾಲು ತಂದು ಒಂದು ಕಡೆ ಕೂಡಿಸಬಹುದು. ಬಿಲ್ಲಿನ ಅವಧಿ 200 ಕಿಲೋಮೀಟರಿಗೆ ಒಂದು ದಿನ. ಬೆಂಗಳೂರು ನಮಗೆ ಸುಮಾರು 260 ಕಿಲೋಮೀಟರ್, ಹಾಗಾಗಿ ಎರಡು ದಿನ ಸಿಗುತ್ತದೆ. ಎರಡು ಮೂರು ಕಡೆ ಇಳಿಸಿಕೊಂಡು ಹೋಗಲು ಅಷ್ಟು ಹೊತ್ತು ಸಾಕು. ಜಿಲ್ಲಾಧಿಕಾರಿಗಳಲ್ಲಿ ನನ್ನ ಒಂದು ಕೋರಿಕೆ ಇದೇ. ವಾಣಿಜ್ಯ ತೆರಿಗೆ ಇಲಾಖೆಯವರನ್ನು ಅರ್ಧ ದಿನ ಕರೂರಿಗೆ ಕಳಿಸಿಕೊಡಿ. ನಮ್ಮ ಶೆಡ್ಡಿನಲ್ಲೇ ಕುರ್ಚಿ ಹಾಕುತ್ತೇವೆ. ಒಂದು ಗಾಡಿ, ನಾಲ್ಕು ಬಿಲ್ಲು, ಎಲ್ಲಿ ತಪ್ಪಾಗುತ್ತದೆ ಅಂತ ಮೊಬೈಲಿನಲ್ಲೇ ತೋರಿಸಿಕೊಡಲಿ. ಭಯ ಅರ್ಧ ಇಳಿಯುತ್ತದೆ.

ಇನ್ನು ಬಾಡಿಗೆ ಹಂಚಿಕೆ. ಜಗಳ ಹುಟ್ಟುವುದು ಇಲ್ಲೇ. ನನ್ನದು 22 ಕ್ವಿಂಟಲ್, ಅವರದು 5 ಕ್ವಿಂಟಲ್. ತೂಕದ ಲೆಕ್ಕದಲ್ಲಿ ಹೋದರೆ ನಾನು ಸೋಲುತ್ತೇನೆ, ಜಾಗದ ಲೆಕ್ಕದಲ್ಲಿ ಹೋದರೆ ಅವರು. ಪಾರ್ಸೆಲ್ ಕಂಪನಿಗಳು ಹಗುರದ ಮಾಲಿಗೆ ಗಾತ್ರವನ್ನು ತೂಕಕ್ಕೆ ಬದಲಿಸಿ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ಹಾಕುತ್ತವೆ. ನಾವೂ ಅದೇ ದಾರಿ ಹಿಡಿಯಬಹುದು. ಹಾಲ್ಟಿಂಗ್, ಅಂದರೆ ಗಾಡಿ ಕಾದು ನಿಂತದ್ದಕ್ಕೆ ಕೊಡುವ ದುಡ್ಡು, ಯಾರ ತಲೆಗೆ? ಯಾರ ಮಾಲು ಇಳಿಯುವುದು ತಡವಾಯಿತೋ ಅವರ ತಲೆಗೆ. ಕೊನೆಗೆ ಇಳಿಯುವ ಮಾಲು ಮೊದಲು ಏರಬೇಕು, ಹಾಗಾಗಿ ಅವರು ಮೊದಲು ತಂದುಕೊಡಬೇಕು. ಪೆಟ್ಟು ಬಿದ್ದರೆ ಅವರವರ ವಿಮೆ ಅವರವರಿಗೆ. ಇವೆಲ್ಲ ಒಂದು ಪುಟದಲ್ಲಿ ಮುಗಿಯುವ ಕರಾರು. ಆದರೆ ಮೊದಲೇ ಬರೆದಿರಬೇಕು. ರಾತ್ರಿ 10ಕ್ಕೆ ಗಾಡಿ ಮುಂದೆ ನಿಂತು ಬಾಯಲ್ಲಿ ಮಾತಾಡಿಕೊಂಡದ್ದು ಬೆಳಿಗ್ಗೆ ಉಳಿಯುವುದಿಲ್ಲ. ಒಯ್ಯುವವರು 2007ರ ರಸ್ತೆ ಸಾಗಣೆ ಕಾಯ್ದೆಯಡಿ ನೋಂದಣಿ ಆದ ಟ್ರಾನ್ಸ್‌ಪೋರ್ಟಿನವರೇ ಆಗಿರಬೇಕು. ಆಗ ಪ್ರತಿಯೊಬ್ಬರ ಕೈಗೂ ಅವರವರ ಮಾಲಿನ ಬಿಲ್ಟಿ, ಅಂದರೆ ಸಾಗಣೆಯ ರಸೀದಿ, ಬರುತ್ತದೆ.

ಹಿರಿಯೂರಿನ ಆ ಹೋಟೆಲ್ ಮುಂದೆ ನನ್ನ ಲೆಕ್ಕಾಚಾರ ಕೇಳಿ ಕ್ಯಾನಿನ ಗಾಡಿಯ ಡ್ರೈವರ್ ಒಂದು ಮಾತು ಅಂದ. "ಸಾಹುಕಾರ್ರೆ, ಎರಡು ಗಾಡಿ ಮಾಲು ಒಂದರಾಗ ಹಾಕಿದ್ರ ನಮ್ಮಲ್ಲಿ ಒಬ್ರಿಗೆ ಕೆಲಸ ಇಲ್ಲ ಅಲ್ವಾ?" ನನಗೆ ಆಗ ಉತ್ತರ ಹೊಳೆಯಲಿಲ್ಲ. ನಾನು ದುಡ್ಡು ಉಳಿಸುವ ಉತ್ಸಾಹದಲ್ಲಿ ಅವನ ಬಗ್ಗೆ ಯೋಚಿಸಿಯೇ ಇರಲಿಲ್ಲ. ಆಮೇಲೆ ದಾರಿಯುದ್ದಕ್ಕೂ ನಮ್ಮ ಡ್ರೈವರ್ ಜೊತೆ ಇದನ್ನೇ ಮಾತಾಡಿದೆ. ಅವನು ಹೇಳಿದ್ದು ಬೇರೆ. ಬೆಂಗಳೂರಿನಲ್ಲಿ ಮಾಲು ಇಳಿಸಿದ ಮೇಲೆ ವಾಪಸ್ ಲೋಡಿಗೆ ಕಾಯುತ್ತಾ ಕೆಲವು ಸಲ ಎರಡು ರಾತ್ರಿ ಗಾಡಿಯಲ್ಲೇ ಮಲಗುತ್ತಾನೆ. ಸ್ನಾನಕ್ಕೂ ದುಡ್ಡು, ಶೌಚಕ್ಕೂ ದುಡ್ಡು. ಕೊನೆಗೆ ಖಾಲಿ ಬರುತ್ತಾನೆ. ಬರುವಾಗಲೂ ಲೋಡು ಗ್ಯಾರಂಟಿ ಅಂದರೆ ನನಗೆ ಅಷ್ಟೇ ಸಾಕು ಅಂದ. ಹಾಗಾಗಿ ಪಟ್ಟಿಯಲ್ಲಿ ಹೋಗುವ ಲೋಡಿನಷ್ಟೇ ಬರುವ ಲೋಡಿಗೂ ಜಾಗ ಇರಬೇಕು. ಗ್ರಾನ್ಯೂಲ್ ಚೀಲ, ಕಬ್ಬಿಣದ ರಾಡು, ಪ್ಯಾಕಿಂಗ್ ಸಾಮಾನು ನಮಗೆಲ್ಲ ಬೆಂಗಳೂರಿನಿಂದ ಬರುವಂಥದ್ದೇ. ಕೆಲವು ಟ್ರಿಪ್ಪು ಕಮ್ಮಿ ಆಗುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಲಾರಿ ಮಾಲೀಕರನ್ನು, ಡ್ರೈವರ್‌ಗಳನ್ನು, ಬ್ರೋಕರ್‌ಗಳನ್ನು, ಹಮಾಲರನ್ನು ಮೊದಲ ಸಭೆಗೇ ಕರೆಯಿರಿ. ಅವರನ್ನು ಬಿಟ್ಟು ಮಾಡಿದ ಪಟ್ಟಿ ಒಂದು ವಾರವೂ ನಡೆಯುವುದಿಲ್ಲ.

ಚಿತ್ರದುರ್ಗದವರನ್ನೂ ಸೇರಿಸಿಕೊಳ್ಳೋಣ. 1997ರ ತನಕ ನಾವು ಒಂದೇ ಜಿಲ್ಲೆಯವರು. ಬೆಂಗಳೂರಿಗೆ ಹೋಗುವ ನಮ್ಮ ಪ್ರತಿ ಗಾಡಿಯೂ ಅವರ ಬಾಗಿಲ ಮುಂದೆಯೇ ಹೋಗುತ್ತದೆ. ಇಲ್ಲಿ ಮುಕ್ಕಾಲು ತುಂಬಿದ ಗಾಡಿ ಅಲ್ಲಿ ಅರ್ಧ ಗಂಟೆ ನಿಂತರೆ ಉಳಿದ ಕಾಲು ಭಾಗ ತುಂಬುತ್ತದೆ. ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ನಮ್ಮ ಕಡೆಯ ಡಬ್ಬ, ಚೀಲ ಹೋಗಬಹುದು. ಬರುವಾಗ ಅಲ್ಲಿಂದ ಎಣ್ಣೆ ಬರಬಹುದು.

ಸರ್ಕಾರದ ಬಳಿ ಹೊಸ ಯೋಜನೆ ಕೇಳುತ್ತಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ ತಂದಿತು. ಅದರ ಜೊತೆ ಬಂದ ಯುಲಿಪ್ ಅನ್ನುವ ಏಕೀಕೃತ ವೇದಿಕೆಯಲ್ಲಿ ಗಾಡಿಯ ನೋಂದಣಿ, ಡ್ರೈವರ್ ಲೈಸೆನ್ಸ್, ಫಾಸ್ಟ್ಯಾಗ್ ಮಾಹಿತಿ ಒಂದೇ ಕಡೆ ಸಿಗುವಂತೆ ಮಾಡಿದ್ದಾರೆ. ಅದನ್ನು ನಮ್ಮ ಪಟ್ಟಿಗೆ ಜೋಡಿಸಿದರೆ ಬಂದ ಗಾಡಿ ಅಸಲಿಯೋ ಅಲ್ಲವೋ ನೋಡಿಕೊಳ್ಳಬಹುದು. ಅಷ್ಟು ದೊಡ್ಡ ನೀತಿ ನಮ್ಮ ಶೆಡ್ಡಿನ ಶಟರ್ ತನಕ ಇನ್ನೂ ಬಂದಿಲ್ಲ. ಅದನ್ನು ತರುವ ಕೊನೆಯ ಒಂದು ಮೈಲಿ ಜಿಲ್ಲೆಯದ್ದು. ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಲ್ಲಿ ಎಲ್ಲರೂ ಸೇರಿ ಬಳಸುವ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಅವಕಾಶ ಇದೆ. ಮಾಲು ಕೂಡಿಸಲು ಮಳೆ ಬೀಳದ ಒಂದು ಶೆಡ್ಡು ಮತ್ತು ಒಂದು ತೂಕದ ಯಂತ್ರ, ಇಷ್ಟಕ್ಕೆ ಆ ದಾರಿಯಲ್ಲಿ ಅರ್ಜಿ ಹಾಕಲು ನಮಗೆ ಕೈಹಿಡಿದು ಹೇಳಿಕೊಡಿ. ಪಟ್ಟಿ ಮಾಡಿಕೊಡಲು ನಮ್ಮ ಊರಿನ ಮಕ್ಕಳೇ ಇದ್ದಾರೆ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ 1951ರಿಂದ ನಡೆಯುತ್ತಿರುವ ಯುಬಿಡಿಟಿ ಇದೆ, ಬಿಐಇಟಿ ಇದೆ, ಜಿಎಂಐಟಿ ಇದೆ. ಕೊನೆಯ ವರ್ಷದ ಹುಡುಗ ಹುಡುಗಿಯರು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುತ್ತಾರೆ. ಅವರನ್ನು ಒಂದು ಸಂಜೆ ನಮ್ಮ ರಸ್ತೆಯಲ್ಲಿ ನಿಲ್ಲಿಸಿ. ಹೊರಡುವ ಗಾಡಿಗಳನ್ನು ಎಣಿಸಲಿ, ಟಾರ್ಪಾಲು ಎತ್ತಿ ನೋಡಲಿ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳಲ್ಲಿ ದಾವಣಗೆರೆ ಹೆಸರು ಬಂದಾಗ ನಾವೆಲ್ಲ ಎಷ್ಟು ಹೆಮ್ಮೆಪಟ್ಟಿದ್ದೆವು! ಆ ಹೆಮ್ಮೆ ಕೈಗಾರಿಕಾ ಪ್ರದೇಶಕ್ಕೂ ಬರಲಿ.

ಕೈಗಾರಿಕೆಗಳಿಗೆ ಒಂದೇ ಕಡೆ ಅನುಮತಿ ಕೊಡುವ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಮುಂದಿನ ಸಭೆಯಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಕೊಡಿ. ಮೂರು ತಿಂಗಳ ಮಟ್ಟಿಗೆ, ಕರೂರಿನಿಂದ ಬೆಂಗಳೂರಿಗೆ ಮಾತ್ರ, ಪ್ರಯೋಗ ಮಾಡಿ ನೋಡೋಣ. ಸುಗ್ಗಿಗೆ ಮೊದಲೇ ಶುರು ಮಾಡಿದರೆ ಒಳ್ಳೆಯದು.

ನನ್ನ ಜೊತೆಗಾರರೇ, ನಿಮಗೂ ಒಂದು ಮಾತು. ಕಚೇರಿಯಿಂದ ಉತ್ತರ ಬರುವ ತನಕ ಸುಮ್ನೆ ಕೂರುವುದು ಬೇಡ. ನನ್ನ ವರ್ಕ್‌ಶಾಪಿನ ಮುಂಭಾಗದಲ್ಲಿ 20 ಅಡಿಗೆ 15 ಅಡಿ ತಗಡಿನ ಮಾಡು ಇದೆ. ಸಂಜೆ 5ರ ಮೇಲೆ ಅದು ಖಾಲಿ. ಮಾಲು ಕೂಡಿಸಲು ಅದನ್ನು ಬಾಡಿಗೆ ಇಲ್ಲದೆ ಬಿಟ್ಟುಕೊಡುತ್ತೇನೆ. ನಿಮ್ಮ ಪಾರ್ಟಿ ಹೆಸರು ನಾನು ಕೇಳುವುದಿಲ್ಲ, ಚೀಲದ ಮೇಲೆ ಒಂದು ನಂಬರ್ ಬರೆದು ಕಳಿಸಿದರೆ ಸಾಕು. ಮುಂದಿನ ಗುರುವಾರ ರಾತ್ರಿ ಪೀಣ್ಯಕ್ಕೆ ನಮ್ಮ ಲೋಡು ಇದೆ. 18 ಕ್ವಿಂಟಲ್, ಮೊಣಕಾಲು ಎತ್ತರ. ಮೇಲೆ ಜಾಗ ಇದೆ. ಕ್ಯಾನಿನವರು ಬರುತ್ತೇನೆ ಅಂದಿದ್ದಾರೆ. ಹಗುರದ ಮಾಲು ಇದ್ದವರು ಇನ್ನೂ ಒಬ್ಬರು ಬರಬಹುದು.

ಇಂತಿ ನಿಮ್ಮವ,
ಕರೂರು ಕೈಗಾರಿಕಾ ಪ್ರದೇಶದ ಒಬ್ಬ ವರ್ಕ್‌ಶಾಪ್ ಮಾಲೀಕ
ದಾವಣಗೆರೆ